ಹೊಗೆಗಿಂಡಿ

ಬಾಣಂತಿಯ ಮೈಗೆ ಗಾಳಿ ತಾಗಬಾರದು ಎಂಬುದರಲ್ಲಿ ಬೀಗಿತ್ತಿಯರಿಬ್ಬರಿಗೂ ಒಮ್ಮತವಿತ್ತು. ಅವರಿಬ್ಬರೂ ಒಪ್ಪಿಕೊಂಡಿದ್ದ ಸಂಗತಿ ಅದೊಂದೇ. ಉಳಿದಂತೆ ಅಳ್ವಿ ಪಾಯಸಕ್ಕೆ ಬೆಲ್ಲ ಎಷ್ಟು, ಕೂಸಿನ ನೆತ್ತಿಗೆ ಎಣ್ಣೆ ಎಷ್ಟು, ಎರೆಯುವ ನೀರು ಎಷ್ಟು ಬಿಸಿ ಎಂದು ಬೆಳಗಾದರೆ ಜಗಳ. ಗಂಗುಬಾಯಿ ಮುಂಬಯಿಯಲ್ಲೇ ತಲೆ ನೆರೆಸಿಕೊಂಡವಳು. ಯಾವ ಮಾತಿಗೂ "ಇದು ಮುಂಬೈ ಐತ್ರಿ ದಾನವ್ವಾರ" ಎನ್ನುವಳು. ದಾನವ್ವ ಮುದ್ದೇಬಿಹಾಳದ ಕಡೆಯಿಂದ ಮಗಳ ಬಾಣಂತನಕ್ಕೆಂದೇ ರೈಲು ಹತ್ತಿ ಬಂದವಳು. "ಮುಂಬೈಯಾಗ ಹಡದವರಿಗೆ ಹೊಟ್ಟಿ ಬ್ಯಾರೆ ಇರತೈತೇನ್ರಿ ಯಕ್ಕಾ?" ಎಂದು ತಿರುಗಿ ಕೇಳುವಳು.

ಇಬ್ಬರ ನಡುವೆ ಮಂಚದ ಮೇಲೆ ಶರಣವ್ವ. ಕಿವಿಯಲ್ಲಿ ಹತ್ತಿ, ಹತ್ತಿಯ ಮೇಲೆ ತಲೆಗೆ ಬಿಗಿದ ದಪ್ಪ ವಸ್ತ್ರ, ಮೈತುಂಬ ಕೌದಿ. ಯಾರು ಏನು ಬೈದಾಡಿದರೂ ಅವಳಿಗೆ ಅರ್ಧವೇ ಕೇಳುತ್ತಿತ್ತು. "ನನಗೂ ಒಂದೀಟು ಹತ್ತಿ ಕೊಡ, ಕಿವ್ಯಾಗ ಇಟ್ಕೊಂಡು ರೊಟ್ಟಿ ತಿಂತೀನಿ" ಎಂದು ಅವಳ ಗಂಡ ಕಾಶಪ್ಪ ಒಮ್ಮೆ ಜೋರಾಗಿಯೇ ಕೇಳಿ, ತಾಯಿ ಮತ್ತು ಅತ್ತೆ ಇಬ್ಬರಿಂದಲೂ ಬೈಸಿಕೊಂಡಿದ್ದ. ಅವನನ್ನು ಬೈಯುವಾಗ ಮಾತ್ರ ಇಬ್ಬರೂ ಒಂದೇ ದನಿಯಲ್ಲಿ ಬೈದರು.

ನಗುವ ಮನೆಯೇನೋ ಹೌದು. ಆದರೆ ಹೋದ ಸಲದ ಕೂಸನ್ನು ಯಾರೂ ಮರೆತಿರಲಿಲ್ಲ. ಚೊಚ್ಚಲ ಗಂಡುಮಗು ಅದು. ಪದ್ಧತಿಯಂತೆ ತವರಿನಲ್ಲಿ ಹುಟ್ಟಿ, ದುಂಡುದುಂಡಗೆ ಬೆಳೆದು, ತಾಯಿಯ ಜೊತೆ ಮುಂಬಯಿಗೆ ಬಂದು, ಇದೇ ಖೋಲಿಯಲ್ಲಿ ಒಂದು ಚಳಿಗಾಲ ಕೂಡ ಕಳೆಯಲಿಲ್ಲ. ಎದೆ ಗೊರಗೊರ ಎನ್ನುತ್ತ, ಕೆಮ್ಮಿ ಕೆಮ್ಮಿ ಹೋಗಿಬಿಟ್ಟಿತು. ಮೊಮ್ಮಗನನ್ನು ಕಳೆದುಕೊಂಡದ್ದಕ್ಕೆ ದಾನವ್ವ ಯಾರನ್ನೂ ಬೈಯಲಿಲ್ಲ. ಚಾಳಿನ ಹಿಂದೆ ಹೊಗೆ ಉಗುಳುವ ಬಸ್ಸುಗಳನ್ನು ಬೈದಳು. ಈಗ ಹುಟ್ಟಿದ್ದು ಹೆಣ್ಣು. ಹೆಣ್ಣೋ ಗಂಡೋ, ಈ ಕೂಸು ಉಸಿರಾಡಿಕೊಂಡಿದ್ದರೆ ಸಾಕೆಂಬುದು ಆ ಮನೆಯವರೆಲ್ಲರ ಒಂದೇ ಆಸೆ.

ಚೆಂಬೂರಿನ ಆ ಚಾಳು ಬಸ್ ಶೆಡ್ಡಿನ ಬೆನ್ನಿಗೆ ಅಂಟಿಕೊಂಡಂತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದವರು ಕಟ್ಟಿದ ಗೋದಾಮು ಅದು. ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಒಂದು ಖಾಸಗಿ ಕಂಪನಿ ಗೋದಾಮನ್ನು ಹಿಡಿದು ಬಸ್ ನಿಲ್ದಾಣ ಮಾಡಿಕೊಂಡಿತ್ತು. ಬಸ್ಸುಗಳೂ ಸೈನ್ಯ ಬಿಸಾಕಿದ ಪೆಟ್ರೋಲ್ ಲಾರಿಗಳೇ. ಮೇಲೆ ಹೊಸ ಬಾಡಿ ಕಟ್ಟಿ ಬಣ್ಣ ಬಳಿದಿದ್ದರು. ಮೂರು ಕಡೆ ಗೋಡೆ, ಮುಂದೆ ದೊಡ್ಡ ಕಬ್ಬಿಣದ ಶಟರು, ಹಿಂದಿನ ಓಣಿಗೆ ಒಂದು ಸಣ್ಣ ಬಾಗಿಲು. ಬಸ್ಸುಗಳು ರಾತ್ರಿ ನಿಲ್ಲುವುದೂ ಅಲ್ಲೇ, ಹಗಲು ಜನ ಕ್ಯೂ ನಿಲ್ಲುವುದೂ ಅಲ್ಲೇ. ಒಳಗಿನ ಹೊಗೆ ಹೋಗಲೆಂದು ಹಿಂದಿನ ಗೋಡೆಯ ನೆತ್ತಿಯಲ್ಲಿ ಸಾಲಾಗಿ ಕಿಂಡಿಗಳಿದ್ದವು. ಆ ಕಿಂಡಿಗಳ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಚಾಳಿನ ಮೇಲಿನ ಮಾಳಿಗೆಯ ಗ್ಯಾಲರಿ. ಗ್ಯಾಲರಿಗೆ ಗಂಗುಬಾಯಿಯ ಖೋಲಿಯ ಬಾಗಿಲು.

ಗಂಗುಬಾಯಿಯ ಗಂಡ ಬಸವಂತಪ್ಪ ಅದೇ ಶೆಡ್ಡಿನಲ್ಲಿ ಕ್ಲೀನರ್. ನಸುಕಿನಲ್ಲೇ ಸಣ್ಣ ಬಾಗಿಲಿನಿಂದ ಒಳಗೆ ಹೋಗಿ, ಒಂದೊಂದೇ ಬಸ್ಸಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಹೊಡೆದು, ಎಂಜಿನ್ ಬಿಸಿ ಮಾಡಿ ಇಡುವುದು ಅವನ ಕೆಲಸ. ಟೈರು, ಬ್ಯಾಟರಿ ಕಳುವಾಗುತ್ತವೆಂದು ದೊಡ್ಡ ಶಟರಿಗೆ ಬೀಗ. ಮೊದಲ ಬಸ್ಸು ಹೊರಡುವ ಹೊತ್ತಿಗೆ ವಾಚ್‌ಮನ್ ದೂಜ ಬಂದು ತೆಗೆಯಬೇಕು. ಮಗ ಕಾಶಪ್ಪ ಅದೇ ಕಂಪನಿಯ ಡ್ರೈವರ್. ವಿಕ್ರೋಳಿಯ ಕಾರ್ಖಾನೆಗೆ ಆಳುಗಳನ್ನು ಒಯ್ಯುವ ಬಸ್ಸು ಅವನದು. ಹೀಗೆ ಆ ಮನೆಯ ಅನ್ನವೂ ಆ ಶೆಡ್ಡಿನಿಂದಲೇ ಬರುತ್ತಿತ್ತು, ಹೊಗೆಯೂ ಅಲ್ಲಿಂದಲೇ ಬರುತ್ತಿತ್ತು.

ತೊಟ್ಟಿಲ ಶಾಸ್ತ್ರ ಮುಗಿದ ಮಾರನೆಯ ದಿನ ಕೂಸು ಮೊದಲ ಸಲ ಕೆಮ್ಮಿತು. ಅಂಥ ದೊಡ್ಡ ಕೆಮ್ಮೇನಲ್ಲ. ಆದರೆ ದಾನವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು, ಗಂಗುಬಾಯಿ ನೀರಿನ ಕೊಡ ಗ್ಯಾಲರಿಯಲ್ಲೇ ಇಟ್ಟು ಓಡಿ ಬಂದಳು. ಶರಣವ್ವ ಕೂಸನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲ ಸಂದಿಯಿಂದ ನೀಲಿ ಹೊಗೆ ಸಣ್ಣಗೆ ಒಳಗೆ ಬರುತ್ತಿತ್ತು.

"ನಾಳಿ ರೈಲಿಗೆ ನಾ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ" ಎಂದಳು ದಾನವ್ವ.

"ಹಸಿ ಬಾಣಂತಿನ್ನ ರೈಲಿನ್ಯಾಗ ಹಾಕ್ಕೊಂಡು ಹೊಂಟ್ರೇನು? ಅಲ್ಲಿ ಗಾಳಿ ತಾಗೂದಿಲ್ಲೇನು?"

"ಗಾಳಿ ತಾಗಿದ್ರ ಔಷಧ ಐತ್ರಿ. ಈ ಹೊಗಿಗೆ ಏನೈತಿ? ಒಂದನ್ನ ಮಣ್ಣಾಗ ಇಟ್ಟೀವಿ, ಇನ್ನೂ ಬುದ್ಧಿ ಬಂದಿಲ್ಲೇನು ನಿಮಗ?"

ಮೊಮ್ಮಗನ ಸಾವನ್ನು ಹೀಗೆ ಎತ್ತಿ ಆಡಿದ್ದಕ್ಕೆ ಗಂಗುಬಾಯಿಗೆ ಕೆನ್ನೆಗೆ ಹೊಡೆದಂತಾಯಿತು. ಅಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಅಪ್ಪ ಮಗ ಇಬ್ಬರೂ ಮೇಲೆ ಬಂದರು. ಶರಣವ್ವ ಮಾವನೆದುರು ಮಾತಾಡುವವಳಲ್ಲ, ಅಂದು ಮಾತಾಡಿದಳು.

"ಮಾವಾರ, ನನ್ನ ಕೂಸಿಗೆ ಆ ಹೊಗಿ ಬ್ಯಾಡ್ರಿ. ಏನಾರ ಮಾಡ್ರಿ. ಆ ಕಿಂಡಿ ಮುಚ್ಚಸ್ರಿ."

ಬಸವಂತಪ್ಪ ಕೈ ತೊಳೆಯುತ್ತಿದ್ದ. ಸಾಬೂನು ಹಚ್ಚಿ ಎಷ್ಟು ಸಲ ತೊಳೆದರೂ ಆ ಕೈಗಳಿಂದ ಪೆಟ್ರೋಲಿನ ವಾಸನೆ ಹೋಗುತ್ತಿರಲಿಲ್ಲ. ಆ ಒಂದು ಕಾರಣಕ್ಕೆ ಬೀಗಿತ್ತಿ ಅವನ ಕೈಗೆ ಕೂಸನ್ನು ಕೊಟ್ಟಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಮೊಮ್ಮಗಳ ಮುಖ ನೋಡಿ ಹೋಗುವುದು ಅವನ ಪಾಲಿಗೆ ಬಂದಿತ್ತು.

"ಅದು ಹೊಗಿ ಹೋಗಾಕಂತ ಇಟ್ಟದ್ದು, ತಂಗಿ" ಎಂದ.

"ಹೊಗಿ ಹೋಗಾಕ ಇಟ್ಟಾರು. ನಮ್ಮ ಮನ್ಯಾಗ ಹೋಗಾಕ ಇಟ್ಟಾರೇನು?" ಎಂದು ದಾನವ್ವ ಕೇಳಿದಳು.

ಇದಕ್ಕೆ ಕಾಶಪ್ಪ ನಕ್ಕುಬಿಟ್ಟ. "ಅತ್ತಿ ಹೇಳೂದು ಖರೇ ಐತಪ್ಪಾ. ಹೊಗಿಗೆ ಮುಂದ ಅಷ್ಟು ದೊಡ್ಡ ಶಟರ್ ಐತಿ, ಅಲ್ಲಿಂದ ಹೋಗ್ಲಿ. ಬಾಣಂತನ ಮುಗಿಯೂತನ ಅಷ್ಟ. ಆಮ್ಯಾಲ ತಗದ್ರಾತು."

ಬಸವಂತಪ್ಪ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಒತ್ತಿಕೊಂಡು ಸುಮ್ಮನೆ ಉಂಡ. ಅವನು ಸುಮ್ಮನಾದರೆ ಒಪ್ಪಿದನೆಂದೇ ಆ ಮನೆಯಲ್ಲಿ ಲೆಕ್ಕ.

ಊಟವಾದ ಮೇಲೆ ಕಾಶಪ್ಪ ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ನಿಂತ. ಬಸವಂತಪ್ಪ ಸ್ಟೂಲಿನ ಕಾಲು ಹಿಡಿದ. ಮನೆಯಲ್ಲಿದ್ದ ಜೋಳದ ಚೀಲಗಳು ನಾಲ್ಕು ಕಿಂಡಿಗೂ ಸಾಲಲಿಲ್ಲ. ಪಕ್ಕದ ಖೋಲಿಯ ಚಂಪಾ ಹೊರಗೆ ಬಂದು ನೋಡಿದಳು. ಉಡುಪಿಯ ಕಡೆಯವಳು, ಅವಳ ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವನು.

"ಓ, ಅದನ್ನು ಮುಚ್ತೀರಾ? ಒಳ್ಳೇದಾಯ್ತು ಮಾರಾಯ್ರೆ! ನಮ್ಮ ಅನ್ನಕ್ಕೂ ಪೆಟ್ರೋಲು ವಾಸನೆ. ಹೋಟ್ಲಿನ ಅಕ್ಕಿ ಗೋಣಿ ಉಂಟು, ತರ್ತೇನೆ ನಿಲ್ಲಿ."

ಅವಳು ತಂದಳು. ಅವಳನ್ನು ನೋಡಿ ಆಚೆ ಖೋಲಿಯ ಮಲ್ಲವ್ವ ಹರಿದ ಗಾದಿಯ ಹತ್ತಿ ತಂದಳು. ಮುಚ್ಚುವುದೆಂದರೆ ಎಲ್ಲರಿಗೂ ಉತ್ಸಾಹ. ಕೊನೆಯ ಕಿಂಡಿಗೆ ಏನೂ ಉಳಿಯದೆ ಕಾಶಪ್ಪ ತನ್ನ ಹಳೆಯ ಚೌಕಳಿ ಲುಂಗಿಯನ್ನೇ ಉಂಡೆ ಮಾಡಿ ತುರುಕಿ, ಮುಷ್ಟಿಯಿಂದ ಗುದ್ದಿ ಗುದ್ದಿ ಬಿಗಿ ಮಾಡಿದ. "ಇನ್ನ ಇರುವಿನೂ ಬರೂದಿಲ್ಲ" ಎಂದು ಕೈ ಜಾಡಿಸಿಕೊಂಡು ಕೆಳಗಿಳಿದ.

ನಿಜವಾಗಿಯೂ ಹೊಗೆ ನಿಂತಿತು. ಒಣಹಾಕಿದ ಕೂಸಿನ ಬಟ್ಟೆ ಸಂಜೆಯವರೆಗೆ ಬೆಳ್ಳಗೇ ಇತ್ತು. ಕೆಮ್ಮು ಮತ್ತೆ ಬರಲಿಲ್ಲ. ಕೂಸು ಹಾಲು ಕುಡಿದು ನಿದ್ದೆ ಮಾಡಿತು, ಎದ್ದು ಮತ್ತೆ ಹಾಲು ಕುಡಿಯಿತು, ಕೆನ್ನೆ ತುಂಬಿಕೊಂಡಿತು. ದಾನವ್ವ ಹುಮ್ಮಸ್ಸಿನಿಂದ ಅಜವಾನ ಬೆಂಕಿಗೆ ಹಾಕಿ ಕೂಸಿಗೆ ಹೊಗೆ ಕೊಟ್ಟಳು. "ಬಸ್ಸಿನ ಹೊಗಿ ಹೊರಗ ಹಾಕಿ, ನೀವು ಒಳಗ ಬ್ಯಾರೆ ಹೊಗಿ ಮಾಡಾಕತ್ತೀರಲ್ರಿ" ಎಂದು ಗಂಗುಬಾಯಿ ಚುಚ್ಚಿದಳು. "ಇದು ಒಳ್ಳೆ ಹೊಗಿ" ಎಂದಳು ದಾನವ್ವ. ಆ ದಿನ ಇಬ್ಬರೂ ಸೇರಿ ಹೋಳಿಗೆ ಮಾಡಿದರು. ಜಗಳವಿಲ್ಲದೆ ಬೆಂದ ಮೊದಲ ಅಡುಗೆ ಅದು.

ಕೆಳಗೆ ಮಾತ್ರ ಜನ ಗೊಣಗಲು ಶುರುಮಾಡಿದರು. ಕ್ಯೂನಲ್ಲಿ ನಿಂತ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಳ್ಳುವರು; ಆಫೀಸಿಗೆ ಹೋಗುವ ಗಂಡಸರು ಶಟರಿನ ಹೊರಗೆ ಬಿಸಿಲಲ್ಲಿ ಕಾಯುವರು. ಕಂಪನಿಯ ಸಾಹೇಬ ಟಿಕೆಟ್ಟಿನ ಹಣ ಎಣಿಸಿಕೊಳ್ಳಲು ಬಂದವನು ಕರವಸ್ತ್ರ ಮೂಗಿಗೆ ಹಿಡಿದು ಬಂದು ಹಾಗೇ ಹೋದ. ತಲೆ ಎತ್ತಿ ನೋಡಲಿಲ್ಲ. ತಲೆ ಎತ್ತಿದವನು ದೂಜ ಒಬ್ಬನೇ.

"ಬಸವಂತಣ್ಣ, ಮೇಲೆ ಗೋಣಿ ತುರುಕಿದ್ದು ನೀವಂತೆ? ಒಳಗೆ ನಿಲ್ಲಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಪ್ಯಾಸೆಂಜರುಗಳು ನನಗೆ ಬೈತಾರೆ."

"ಮನ್ಯಾಗ ಹಸಿ ಬಾಣಂತಿ ಅದಾಳೋ ದೂಜ. ಸ್ವಲ್ಪ ದಿವಸ."

"ಕೂಸು ಹೇಗೆ ಉಂಟು?"

"ಚಲೋ ಐತಿ. ಕೆಮ್ಮ ನಿಂತೈತಿ."

ದೂಜನಿಗೂ ಮಕ್ಕಳಿದ್ದವು. "ಹಾಗಾದ್ರೆ ಇರ್ಲಿ ಬಿಡಿ" ಎಂದು ಬೀಗದ ಕೈ ತಿರುಗಿಸುತ್ತ ಹೋದ.

ಒಂದು ವಾರ ಕಳೆದಿರಬೇಕು. ಬಸವಂತಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ತಾಟಿನ ಮುಂದೆ ಕುಳಿತವನು ತಾಟು ದೂಡಿದ. ದಾನವ್ವ ಬಡಿಸಿದ ಜುಣಕ, ಬಿಸಿ ರೊಟ್ಟಿ ಹಾಗೇ ಉಳಿಯಿತು.

"ಯಾಕ್ರಿ ಬೀಗರ, ರುಚಿ ಆಗಿಲ್ಲೇನು?"

"ತಲಿ ಸಿಡ್ಯಾಕತ್ತೈತ್ರಿ. ಹೊಟ್ಟಿ ತೊಳಸ್ತೈತಿ."

ಮರುದಿನವೂ ಅದೇ. ಅದರ ಮರುದಿನ ಎರಡು ತುತ್ತು ತಿಂದು ಎದ್ದು ಹೋಗಿ ವಾಂತಿ ಮಾಡಿಕೊಂಡ. ಗಂಗುಬಾಯಿಗೆ ಒಳಗೊಳಗೇ ಖುಷಿ. "ಇಷ್ಟು ವರ್ಷ ನನ್ನ ಕೈ ಅಡಗಿ ಉಂಡವರು. ಬ್ಯಾರೆ ಕೈ ಅಡಗಿ ಆಗಿಬರೂದಿಲ್ಲ ಅವರಿಗೆ" ಎಂದು ಚಂಪಾಳ ಮುಂದೆ ಹೇಳಿದಳು, ದಾನವ್ವನ ಕಿವಿಗೆ ಬೀಳುವಷ್ಟು ಜೋರಾಗಿ. ದಾನವ್ವ ಅಂದು ಊಟ ಬಿಟ್ಟಳು. "ನಾ ಏನು ವಿಷಾ ಹಾಕೀನೇನು?" ಎಂದು ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಂಡಳು. ಕಾಶಪ್ಪ ಅತ್ತೆಯ ಮುಂದೆ ತಾಟು ಹಿಡಿದು ಕುಳಿತು, "ಅತ್ತೀ, ನನಗ ಹಾಕ್ರಿ. ಅಪ್ಪನ ಪಾಲೂ ನನಗ ಹಾಕ್ರಿ" ಎಂದು ಉಂಡು ಅವಳ ಮುಖ ತಿಳಿಯಾಗಿಸಿದ.

ಗಂಗುಬಾಯಿ ಗೆದ್ದವಳಂತೆ ಒಲೆಯ ಮುಂದೆ ಕುಳಿತು ಗಂಡನಿಗೆ ಇಷ್ಟದ ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಖಾರ ಮಾಡಿದಳು. ಅವನು ಅದನ್ನೂ ದೂಡಿದ. ಈಗ ಮುಖ ಬಾಡಿದ್ದು ಗಂಗುಬಾಯಿಯದು.

"ಯಾರರ ಏನರ ಮಾಡಸ್ಯಾರೇನ್ರಿ?"

"ನನಗ ಯಾರು ಏನು ಮಾಡಸ್ತಾರ? ಸುಮ್ನಿರು."

ಒಂದು ಸಂಗತಿಯನ್ನು ಗಂಗುಬಾಯಿ ಗಮನಿಸಿದ್ದಳು. ರಜೆಯ ದಿನ ಗಂಡನಿಗೆ ತಲೆನೋವಿಲ್ಲ, ಗಬಗಬ ಉಣ್ಣುತ್ತಾನೆ. ಪಾಳಿಗೆ ಹೋದ ದಿನ ಮತ್ತೆ ಶುರು. ಓಣಿಯ ನಲ್ಲಿಗೆ ನಸುಕಿನಲ್ಲಿ ನೀರಿಗೆ ಹೋದಾಗ ಇನ್ನೊಂದನ್ನೂ ನೋಡಿದಳು. ಒಂದೆರಡು ಎಂಜಿನ್ನಿಗೆ ಹ್ಯಾಂಡಲ್ ಹೊಡೆದು ಬಸವಂತಪ್ಪ ಸಣ್ಣ ಬಾಗಿಲಿಗೆ ಓಡಿ ಬರುತ್ತಾನೆ. ತಲೆ ಹೊರಗೆ ಹಾಕಿ, ಬಾಯಿ ತೆರೆದು, ಹೊಸದಾಗಿ ಈಜು ಕಲಿಯುವವನ ಹಾಗೆ ಉಸಿರು ಎಳೆಯುತ್ತಾನೆ. ಮತ್ತೆ ಒಳಗೆ ಹೋಗುತ್ತಾನೆ. ಸಂಜೆ ಗ್ಯಾಲರಿಯಲ್ಲಿ ಅವನೊಬ್ಬನೇ ಸಿಕ್ಕಾಗ ಕೇಳಿಯೇಬಿಟ್ಟಳು.

"ಆ ಹೊಗಿ ನಿಮಗ ಹತ್ತೈತಿ. ಹೌದಿಲ್ಲ?"

"ಹತ್ತಿದ್ರ ಹತ್ತಲಿ."

"ಚೀಲ ತಗದುಬಿಡೂಣ್ರಿ."

"ಹುಚ್ಚಿ" ಎಂದ ಬಸವಂತಪ್ಪ. "ಹೊಗಿ ಎಲ್ಲ್ಯಾರ ಒಂದು ಕಡೆ ಇರಬೇಕಲ್ಲ. ಕೂಸಿನ ಎದ್ಯಾಗ ಇರೂದಕಿಂತ ನನ್ನ ತಲ್ಯಾಗ ಇರ್ಲಿ. ನಂದು ಹಳೇ ತಲಿ."

"ಮಗನಿಗರ ಹೇಳ್ರಿ."

"ಅವನಿಗೆ ಹೇಳಿದ್ರ ಇವತ್ತ ಚೀಲ ಕಿತ್ತು ಒಗಿತಾನ. ಕೂಸು ಮತ್ತ ಕೆಮ್ಮತೈತಿ. ಇನ್ನೊಂದು ಕೂಸಿನ್ನ ಮಣ್ಣಾಗ ಇಡಾಕ ನನ್ನ ಕೈಲೆ ಆಗೂದಿಲ್ಲ ಗಂಗಾ. ನೀ ಹೇಳಬ್ಯಾಡ. ನನ್ನ ಆಣಿ."

ಆಣೆ ಹಾಕಿದ ಮೇಲೆ ಮುಗಿಯಿತು. ಮನೆಯ ಎಲ್ಲ ಗುಟ್ಟುಗಳನ್ನೂ ನಲ್ಲಿಯ ಹತ್ತಿರ ಹಂಚುವ ಗಂಗುಬಾಯಿ ಇದೊಂದನ್ನು ಯಾರಿಗೂ ಹೇಳಲಿಲ್ಲ.

ಈ ನಡುವೆ ದಾನವ್ವನ ಮೂಗಿಗೆ ಮತ್ತೆ ಹೊಗೆಯ ವಾಸನೆ ಬಂತು. ಹುಡುಕಿಕೊಂಡು ಹೋದಳು. ಓಣಿಯ ಸಣ್ಣ ಬಾಗಿಲಿನಿಂದ ಹೊರಟ ಹೊಗೆ ಚಾಳಿನ ಮೆಟ್ಟಿಲು ಹತ್ತಿಕೊಂಡು ಗ್ಯಾಲರಿಗೆ ಬರುತ್ತಿದೆಯೆಂದು ಪತ್ತೆ ಹಚ್ಚಿದಳು. ಊಟಕ್ಕೆ ಕುಳಿತ ಅಪ್ಪ ಮಗನ ಮುಂದೆ ದೂರು ಇಟ್ಟಳು.

"ಬೀಗರ, ನೀವು ಹ್ಯಾಂಡಲ್ ಹೊಡಿಯೂವಾಗ ಆ ಸಣ್ಣ ಬಾಗಲಾ ಯಾಕ ತಕ್ಕೊಂಡಿರತೀರಿ? ಅದನ್ನ ಮುಚ್ಚಿಕೊಳ್ರಿ. ಮ್ಯಾಲ ಹೊಗಿ ಬರತೈತಿ."

"ಆತು, ಆತು" ಎಂದ ಬಸವಂತಪ್ಪ.

ಗಂಗುಬಾಯಿ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ. ಕಾಶಪ್ಪ ಮಾತ್ರ ಅತ್ತೆಯ ಮಾತನ್ನು ಕಿವಿಗೊಟ್ಟು ಕೇಳಿದ್ದ.

ಚಳಿ ಜೋರಾಯಿತು. ಮುಂಬಯಿಯ ಚಳಿ ಎಂದರೆ ಊರಿನವರು ನಗುತ್ತಾರೆ, ಆದರೆ ಆ ಹಳೆಯ ಎಂಜಿನ್ನುಗಳಿಗೆ ಅಷ್ಟೇ ಸಾಕಿತ್ತು. ಹ್ಯಾಂಡಲ್ ಹೊಡೆದು ಹೊಡೆದು ಭುಜ ಬಿದ್ದುಹೋಗುವುದು. ಚಾಲೂ ಆದ ಎಂಜಿನ್ ಆರದಂತೆ ಬಹಳ ಹೊತ್ತು ಓಡಿಸಬೇಕು. ಒಂದು ಸಂಜೆ ಬಸವಂತಪ್ಪ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತುಬಿಟ್ಟ. ಕಾಶಪ್ಪ ತೋಳು ಹಿಡಿದು ಮೇಲೆ ಕರೆತಂದ. ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿ, ತಲೆನೋವಿನ ಗುಳಿಗೆ ಕೊಟ್ಟು, ಗಂಗುಬಾಯಿ ಅವನನ್ನು ಗ್ಯಾಲರಿಯಲ್ಲೇ ಚಾಪೆ ಹಾಸಿ ಮಲಗಿಸಿದಳು. ಖೋಲಿಯ ಒಳಗೆ ಬಾಣಂತಿ ಇದ್ದುದರಿಂದ ಅವನು ಆ ದಿನಗಳಲ್ಲಿ ಮಲಗುತ್ತಿದ್ದುದೇ ಅಲ್ಲಿ. ಬಸವಂತಪ್ಪ ಸತ್ತವನಂತೆ ನಿದ್ದೆ ಹೋದ.

ನಸುಕಿನಲ್ಲಿ ಗಂಗುಬಾಯಿ ಅವನನ್ನು ಎಬ್ಬಿಸಲು ಕೈ ಚಾಚಿದಳು. ಕಾಶಪ್ಪ ಅಷ್ಟರಲ್ಲಿ ಎದ್ದು ಮುಖ ತೊಳೆದುಕೊಂಡಿದ್ದ.

"ಇರ್ಲಿ ಬಿಡವ್ವಾ, ಎಬ್ಬಿಸಬ್ಯಾಡ. ಒಂದಿನಾ ಮಲಗಲಿ. ನಾ ಹ್ಯಾಂಡಲ್ ಹೊಡದು ಹಂಗ ನನ್ನ ಬಸ್ ತಗೊಂಡು ಹೋಗ್ತೀನಿ."

"ನೀ ಯಾಕಪ್ಪಾ? ದೂಜ ಬಂದು ಶಟರ್ ತಗಿಯೂತನ ತಡಿ."

"ಅಷ್ಟೊತ್ತಿಗೆ ತಡಾ ಆಗತೈತಿ. ಅಪ್ಪನ ಪಗಾರ ಕಡೀತಾರ."

ಗಂಗುಬಾಯಿಯ ಬಾಯಿಗೆ ಮಾತು ಬಂದಿತ್ತು. ಆಣೆ ನೆನಪಾಯಿತು. ಜೊತೆಗೆ ಅವಳೇ ತನಗೆ ಸಮಾಧಾನ ಹೇಳಿಕೊಂಡಳು: ಮುದುಕನ ತಲೆಗೆ ಹತ್ತಿದ ಹೊಗೆ ಹರೆಯದವನಿಗೆ ಹತ್ತೀತೆ? ಒಂದು ದಿನದ ಮಾತು. ಚಹಾ ಕೊಟ್ಟಳು. ಕಾಶಪ್ಪ ನಿಂತೇ ಕುಡಿದ. ಖೋಲಿಯ ಬಾಗಿಲನ್ನು ಒಂದು ಬೆರಳಷ್ಟು ಸರಿಸಿ ಇಣುಕಿ ನೋಡಿದ. ದೀಪದ ಬೆಳಕಿನಲ್ಲಿ ಶರಣವ್ವ ಕೂಸಿಗೆ ಹಾಲು ಕೊಡುತ್ತಿದ್ದಳು. "ಗಾಳಿ! ಬಾಗಲಾ ಹಾಕ್ರಿ!" ಎಂದು ದಾನವ್ವ ಒಳಗಿನಿಂದ ಗದರಿದಳು. ಅವನು ನಾಲಿಗೆ ಕಚ್ಚಿ ಬಾಗಿಲು ಹಾಕಿ, ಮೆಟ್ಟಿಲಿಳಿದು ಹೋದ.

ಬಸವಂತಪ್ಪನಿಗೆ ಎಚ್ಚರವಾದದ್ದು ಸದ್ದಿನಿಂದ. ಕೆಳಗೆ ಎಂಜಿನ್ನುಗಳು ಓಡುತ್ತಿದ್ದವು. ಒಂದಲ್ಲ, ಎರಡಲ್ಲ, ಎಲ್ಲವೂ ಒಟ್ಟಿಗೆ. ಅವನು ಹಾಗೆ ಎಲ್ಲವನ್ನೂ ಒಟ್ಟಿಗೆ ಓಡಿಸಿ ಎಷ್ಟೋ ದಿನವಾಗಿತ್ತು. ಎರಡು ಓಡಿಸಿ, ಆರಿಸಿ, ಹೊರಗೆ ಹೋಗಿ ಉಸಿರು ತೆಗೆದುಕೊಂಡು, ಮತ್ತೆ ಎರಡು ಓಡಿಸುತ್ತಿದ್ದ. ಹೀಗೆ ಸರದಿಯಲ್ಲಿ ಓಡಿಸುವ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು.

"ಕೆಳಗ ಯಾರದಾರ?"

"ಕಾಶಪ್ಪ ಹೋಗ್ಯಾನ. ನಿಮಗ ಆರಾಮ ಇಲ್ಲಂತ..."

ಅವಳು ಮಾತು ಮುಗಿಸುವ ಮೊದಲೇ ಅವನು ಎದ್ದಿದ್ದ. ಮೆಟ್ಟಿಲುಗಳನ್ನು ಇಳಿದನೋ ಬಿದ್ದನೋ ಹೇಳಲಾಗದು. ಓಣಿಗೆ ಬಂದು ನೋಡಿದರೆ ಸಣ್ಣ ಬಾಗಿಲು ಮುಚ್ಚಿತ್ತು. ಅತ್ತೆ ಹೇಳಿದಂತೆ ಅಳಿಯ ಒಳಗಿನಿಂದ ಭದ್ರವಾಗಿ ಚಿಲಕ ಹಾಕಿಕೊಂಡಿದ್ದ.

"ಕಾಶಪ್ಪಾ! ಏ ಕಾಶಪ್ಪಾ!"

ಎಂಜಿನ್ನುಗಳ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ. ಭುಜ ಕೊಟ್ಟು ಗುದ್ದಿದ. ಸುತ್ತಿಕೊಂಡು ಮುಂಬದಿಗೆ ಓಡಿದ. ದೂಜ ಆಗಷ್ಟೇ ಬೀಡಿ ಹಚ್ಚಿಕೊಂಡು ಬೀಗದ ಕೈ ತೆಗೆಯುತ್ತಿದ್ದ. ಮೊದಲ ಬಸ್ಸಿಗೆ ಬಂದ ಕಾರ್ಖಾನೆಯ ಆಳುಗಳು ಡಬ್ಬಿ ಹಿಡಿದು ನಿಂತಿದ್ದರು. "ತಗಿ! ತಗಿ!" ಎಂದು ಬಸವಂತಪ್ಪ ಬೀಗವನ್ನೇ ಹಿಡಿದು ಜಗ್ಗಿದ. ಆಳುಗಳೂ ಕೈ ಹಾಕಿದರು. ಶಟರು ಮೇಲೆದ್ದಿತು. ಒಳಗಿನ ಹೊಗೆ ಮುಖಕ್ಕೆ ಹೊಡೆದು ಎಲ್ಲರೂ ಹಿಂದೆ ಸರಿದರು. ಬಸವಂತಪ್ಪ ಸರಿಯಲಿಲ್ಲ.

ಕಾಶಪ್ಪ ತನ್ನ ಬಸ್ಸಿನ ಸೀಟಿನಲ್ಲಿ ಕುಳಿತಿದ್ದ. ಕಾಲು ಆಕ್ಸಿಲರೇಟರಿನ ಮೇಲೆ, ತಲೆ ಸ್ಟೇರಿಂಗಿನ ಮೇಲೆ. ಎಂಜಿನ್ ಆರದಿರಲೆಂದು ಒತ್ತಿ ಹಿಡಿದವನು ಹಾಗೇ ನಿದ್ದೆ ಹೋದಂತಿದ್ದ.

ಹೊರಗೆ ತಂದು ಮಲಗಿಸಿದರು. ಯಾರೋ ನೀರು ಚಿಮುಕಿಸಿದರು, ಯಾರೋ ಅಂಗಾಲು ತಿಕ್ಕಿದರು. ಗಂಗುಬಾಯಿ ಬಂದಳು, ಅವಳ ಹಿಂದೆ ದಾನವ್ವ. ಕಾಶಪ್ಪನ ಕೆನ್ನೆ ಕೆಂಪಗಿತ್ತು, ತುಟಿ ಕೆಂಪಗಿತ್ತು. ಅಷ್ಟು ಒಳ್ಳೆಯ ಬಣ್ಣ ಅವನ ಮುಖದಲ್ಲಿ ಮದುವೆಯ ದಿನವೂ ಇರಲಿಲ್ಲ.

"ಬಣ್ಣ ಐತ್ರಿ ಮುಖದಾಗ!" ಎಂದು ದಾನವ್ವ ಕೂಗಿದಳು. "ನೋಡ್ರಿ, ಕೆಂಪಗ ಅದಾನ! ಜೀವ ಐತ್ರಿ ನನ್ನ ಅಳಿಯಗ!"

ಹತ್ತಿರದ ಡಾಕ್ಟರು ಪೈಜಾಮದಲ್ಲೇ ಓಡಿ ಬಂದರು. ನಾಡಿ ಹಿಡಿದರು, ರೆಪ್ಪೆ ಬಿಡಿಸಿದರು, ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ದಾನವ್ವನ ಕಡೆ ನೋಡದೆ, ಬಸ್ಸಿನ ಹೊಗೆ ಕುಡಿದು ಸತ್ತವರ ಮುಖ ಹೀಗೆ ಕೆಂಪಗೇ ಇರುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಗಂಗುಬಾಯಿಗೆ ಹಿಂದಿ ಚೆನ್ನಾಗಿ ತಿಳಿಯುತ್ತಿತ್ತು. ದಾನವ್ವನಿಗೆ ತಿಳಿಯಲಿಲ್ಲ. ಅವಳು ಇನ್ನೂ ಅಳಿಯನ ಅಂಗೈ ತಿಕ್ಕುತ್ತಲೇ ಇದ್ದಳು.

ಡಾಕ್ಟರು ಎದ್ದು ಶೆಡ್ಡಿನ ಒಳಗೆ ಎರಡು ಹೆಜ್ಜೆ ಹೋಗಿ ಮೇಲೆ ನೋಡಿದರು.

"ಇಷ್ಟು ದೊಡ್ಡ ಜಾಗಕ್ಕೆ ಗಾಳಿ ಹೋಗುವ ದಾರಿ ಎಲ್ಲಿ? ಆ ಕಿಂಡಿಗಳನ್ನೆಲ್ಲ ಯಾರು ಮುಚ್ಚಿದರು?"

ಕೇಳಿದ್ದು ಹಿಂದಿಯಲ್ಲಿ. ದೂಜ ಬಸವಂತಪ್ಪನ ಕಡೆ ನೋಡಿದ, ಕೂಡಲೇ ನೆಲ ನೋಡಿದ. ಚಂಪಾ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲರೂ ತಲೆ ಎತ್ತಿದರು. ಗೋಡೆಯ ನೆತ್ತಿಯಲ್ಲಿ ಸಾಲಾಗಿ ಚೀಲಗಳು ಉಬ್ಬಿಕೊಂಡಿದ್ದವು. ಹೋಟೆಲಿನ ಅಕ್ಕಿ ಗೋಣಿ, ಮಲ್ಲವ್ವನ ಗಾದಿಯ ಹತ್ತಿ, ಜೋಳದ ಚೀಲ, ಎಲ್ಲವೂ ಮಸಿ ಹಿಡಿದು ಕಪ್ಪಾಗಿದ್ದವು. ಕೊನೆಯ ಕಿಂಡಿಯಲ್ಲಿ ಮಾತ್ರ ಚೌಕಳಿ ಬಟ್ಟೆಯೆಂದು ಇನ್ನೂ ಗುರುತು ಸಿಗುತ್ತಿತ್ತು.

ಬಸವಂತಪ್ಪ ಹೊರಟ. ಓಣಿ ಸುತ್ತಿ, ಮೆಟ್ಟಿಲು ಹತ್ತಿ, ಗ್ಯಾಲರಿಗೆ ಬಂದ. ಸ್ಟೂಲು ಇರಲಿಲ್ಲ, ಅಂಚಿನ ಕಟಾಂಜನದ ಮೇಲೆ ಹತ್ತಿ ನಿಂತ. ಒಂದೊಂದೇ ಚೀಲವನ್ನು ಉಗುರು ಹಾಕಿ ಕಿತ್ತ. ಮಗ ಗುದ್ದಿ ಗುದ್ದಿ ಬಿಗಿ ಮಾಡಿದ್ದ, ಸುಲಭವಾಗಿ ಬರಲಿಲ್ಲ. ಉಗುರಿನ ಸಂದಿಯಲ್ಲಿ ರಕ್ತ ಬಂತು. ಒಂದೊಂದು ಕಿಂಡಿ ತೆರೆದಂತೆ ಒಳಗೆ ತುಂಬಿದ್ದ ಹೊಗೆ ಬುಸ್ಸೆಂದು ಗ್ಯಾಲರಿಗೆ ನುಗ್ಗಿತು. ಗಂಗುಬಾಯಿಯೂ ದಾನವ್ವನೂ ಹಿಂದೆಯೇ ಬಂದಿದ್ದರು. ಯಾರೋ ದಾನವ್ವನಿಗೆ ಅಷ್ಟರಲ್ಲಿ ಕನ್ನಡದಲ್ಲಿ ಹೇಳಿದ್ದರು. ಅಳು ಒತ್ತಿ ಬರುತ್ತಿತ್ತು, ಇಬ್ಬರೂ ಅಳಲಿಲ್ಲ. ಹಸಿ ಬಾಣಂತಿಗೆ ಸಾವಿನ ಸುದ್ದಿ ಕೇಳಿಸಬಾರದು, ನಂಜು ಏರುತ್ತದೆ, ಹಾಲು ಬತ್ತುತ್ತದೆ. ಇದರಲ್ಲಿಯೂ ಇಬ್ಬರಿಗೆ ಒಮ್ಮತವಿತ್ತು. ಖೋಲಿಯ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಯೊಳಗೆ ತುರುಕಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ನಿಂತರು.

ಕೊನೆಯ ಕಿಂಡಿಯ ಲುಂಗಿ ಬಸವಂತಪ್ಪನ ಕೈಗೆ ಬಂತು. ಅದನ್ನು ಹಿಡಿದುಕೊಂಡು ಅವನು ಕಟಾಂಜನದಿಂದ ಕೆಳಗಿಳಿದ. ಹೊಗೆ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿತ್ತು.

ಒಳಗೆ ಕೂಸು ಕೆಮ್ಮಿತು. ಸ್ವಲ್ಪ ತಡೆದು ಮತ್ತೆ ಕೆಮ್ಮಿತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡವರು ಮಾತಾಡುವಂತೆ ಶರಣವ್ವ ಜೋರಾಗಿ ಕೂಗಿದಳು.

"ಅವ್ವಾ, ಹೊಗಿ ಬರಾಕತ್ತೈತಿ! ಚೀಲ ಬಿದ್ದಾವ ಕಾಣತೈತಿ. ಇವರು ಕೆಳಗ ಅದಾರೇನು ನೋಡ. ಬಸ್ ಬಿಡೂದ್ರಾಗ ಒಂದೀಟು ಮ್ಯಾಲ ಬಂದು ತುರುಕಿ ಹೋಗ್ರಿ ಅಂತ ಹೇಳ."